ನಮ್ಮ 25ರ ಸ್ಪೀಡಿಗೆ ಏರೋ ಯಾಕ್ರೀ? ಹುಬ್ಬಳ್ಳಿ-ಗದಗ ಗಾಳಿಯಲ್ಲಿ ಒಂದು ಲೆಕ್ಕ

"ಏರೋ ಅಂದ್ರ 40ರ ಮ್ಯಾಲೆ ಹೊಡಿಯೋರಿಗೆ ರೀ. ನಮ್ಮ 25ಕ್ಕ ಅದರಿಂದ ಏನೂ ಆಗೂದಿಲ್ಲ." ಹುಬ್ಬಳ್ಳಿ-ಧಾರವಾಡದಲ್ಲಿ ನಾಲ್ಕು ಮಂದಿ ಸೈಕಲ್ಲಿನವರು ಚಹಾಕ್ಕೆ ನಿಂತರೆ ಈ ಮಾತು ಬಂದೇ ಬರುತ್ತದೆ. ಏರೋ ಅಂದರೆ ಗಾಳಿಯ ತಡೆ ಕಡಿಮೆ ಮಾಡುವ ಭಂಗಿ, ಬಟ್ಟೆ, ಸಾಮಾನು; 25, 40 ಅಂದರೆ ಗಂಟೆಗೆ ಅಷ್ಟು ಕಿ.ಮೀ. ಅಂಗಡಿಯವರ ಮಾತು ಇದಕ್ಕೆ ಪೂರ್ತಿ ಉಲ್ಟಾ: "ಈ ವ್ಹೀಲ್ ಹಾಕ್ರಿ, 20 ವಾಟ್ ಉಳಿತಾವ." ವಾಟ್ ಅಂದರೆ ತುಳಿಯುವ ಶಕ್ತಿಯ ಅಳತೆ. ಎರಡೂ ಅರ್ಧ ನಿಜ. ಉಳಿಯುವ ವಾಟ್ ವೇಗವಾಗಿ ಹೊಡೆಯುವವರಿಗೆ ಹೆಚ್ಚು, ಆದರೆ ಅದೇ ದೂರಕ್ಕೆ ಉಳಿಯುವ ನಿಮಿಷ ನಿಧಾನ ಹೋಗುವವರಿಗೆ ಹೆಚ್ಚು. ಕೇಳಲು ವಿಚಿತ್ರ, ಲೆಕ್ಕ ಮಾಡಿದರೆ ಸರಳ. ನಮ್ಮ ಕಡೆಯ ಗಾಳಿಯನ್ನು ಲೆಕ್ಕಕ್ಕೆ ಸೇರಿಸಿದರೆ ನಿಧಾನ ಸವಾರನ ಪಾಲು ಇನ್ನೂ ಬೆಳೆಯುತ್ತದೆ.

ಸಪಾಟು ರಸ್ತೆಯಲ್ಲಿ ಸೈಕಲ್ಲನ್ನು ತಡೆಯುವುದು ಮುಖ್ಯವಾಗಿ ಎರಡು: ಗಾಳಿ ಮತ್ತು ಟೈರಿನ ಉರುಳು ಪ್ರತಿರೋಧ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯನ್ನು ನೂಕಲು ಬೇಕಾಗುವ ವಾಟ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಗೆ ಕೊಡಬೇಕಾದ ವಾಟ್ ಎಂಟು ಪಟ್ಟು. ಟೈರಿನ ಲೆಕ್ಕ ಹಾಗಲ್ಲ, ವೇಗ ಎರಡು ಪಟ್ಟಾದರೆ ಅದರ ವಾಟ್ ಕೂಡ ಎರಡೇ ಪಟ್ಟು.

ಸವಾರ ಮತ್ತು ಸೈಕಲ್ ಸೇರಿ ಗಾಳಿಗೆ ಎಷ್ಟು ಅಡ್ಡ ನಿಲ್ಲುತ್ತಾರೆ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುವುದಕ್ಕೆ ಸಿಡಿಎ ಎನ್ನುತ್ತಾರೆ. ಎದುರಿನ ಅಗಲ, ಆಕಾರ ಎರಡೂ ಅದರಲ್ಲಿ ಬಂದವು. ಅಳತೆ ಚದರ ಮೀಟರಿನಲ್ಲಿ. ಹೈಬ್ರಿಡ್ ಸೈಕಲ್ ಮೇಲೆ ನೆಟ್ಟಗೆ ಕೂತವರದು 0.50ರ ಆಸುಪಾಸು. ರೋಡ್ ಬೈಕಿನ ಹುಡ್ (ಬ್ರೇಕ್ ಲಿವರಿನ ರಬ್ಬರ್ ಹಿಡಿ) ಮೇಲೆ ಕೈ ನೀಡಿ ಕೂತರೆ 0.36 ಸುಮಾರು. ಏರೋಬಾರ್ (ಮೊಣಕೈ ಊರಿ ಮುಂದಕ್ಕೆ ಚಾಚಿ ಹಿಡಿಯುವ ಹೆಚ್ಚುವರಿ ಹ್ಯಾಂಡಲ್) ಮೇಲೆ ಚೆನ್ನಾಗಿ ಮಲಗಿದರೆ 0.30, ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ಎದುರು ಓಡುವ ರೇಸು) ಪಳಗಿದವರದು 0.22 ರಿಂದ 0.25. ಈ ಒಟ್ಟು ತಡೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸವಾರನ ಮೈಯದು, ಸೈಕಲ್ಲಿನದು ಉಳಿದ ಪಾಲು. ಈ ಒಂದು ವಿಷಯ ನೆನಪಿಟ್ಟುಕೊಂಡರೆ ಮುಂದಿನ ಖರೀದಿಯಲ್ಲಿ ಅರ್ಧ ದುಡ್ಡು ಉಳಿಯುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಸವಾರ 70 ಕೆ.ಜಿ., ಸೈಕಲ್ ಮತ್ತು ನೀರು ಸೇರಿ 10 ಕೆ.ಜಿ., ನಮ್ಮ ಸಾಧಾರಣ ಡಾಂಬರಿಗೆ ಟೈರಿನ ಉರುಳು ಗುಣಾಂಕ (ಉರುಳು ಪ್ರತಿರೋಧದ ಅಂಕಿ) 0.006, ಹುಬ್ಬಳ್ಳಿಯ ಎತ್ತರಕ್ಕೆ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕೆ.ಜಿ. ಗಾಳಿ ಬೀಸುತ್ತಿಲ್ಲ, ಏರಿಳಿತ ಇಲ್ಲ. ಬಟ್ಟೆ ಮತ್ತು ಹೆಲ್ಮೆಟ್ ಸರಿಪಡಿಸಿ ಸಿಡಿಎಯನ್ನು 0.36 ರಿಂದ 0.34 ಕ್ಕೆ ಇಳಿಸಿದೆವು ಎಂದುಕೊಳ್ಳಿ. ವೇಗ ಅಷ್ಟೇ ಇಟ್ಟರೆ ಉಳಿಯುವ ವಾಟ್, ಇಲ್ಲವೇ ತುಳಿಯುವ ಶಕ್ತಿ ಅಷ್ಟೇ ಇಟ್ಟರೆ 40 ಕಿ.ಮೀ.ಗೆ ಉಳಿಯುವ ಸಮಯ ಹೀಗೆ ಬರುತ್ತದೆ:

20 ಕಿ.ಮೀ. ವೇಗದವರು: ಉಳಿಯುವುದು ಸುಮಾರು 2 ವಾಟ್, ಸಮಯ 106 ಸೆಕೆಂಡ್.
25 ಕಿ.ಮೀ.: 3.7 ವಾಟ್, 92 ಸೆಕೆಂಡ್.
30 ಕಿ.ಮೀ.: 6.4 ವಾಟ್, 80 ಸೆಕೆಂಡ್.
35 ಕಿ.ಮೀ.: 10 ವಾಟ್, 70 ಸೆಕೆಂಡ್.
40 ಕಿ.ಮೀ.: 15 ವಾಟ್, 63 ಸೆಕೆಂಡ್.

ವಾಟ್ ಏಳು ಪಟ್ಟಿಗೂ ಹೆಚ್ಚು ಏರಿತು, ಸೆಕೆಂಡ್ ಮಾತ್ರ ಇಳಿಯುತ್ತ ಹೋಯಿತು. ಕಾರಣ ಎರಡು. 40ರಲ್ಲಿ ಹೋಗುವವನು ಒಂದು ತಾಸಿನಲ್ಲಿ ಮುಗಿಸುತ್ತಾನೆ, 20ರವನು ಎರಡು ತಾಸು ಗಾಳಿಯಲ್ಲೇ ಇರುತ್ತಾನೆ, ಉಳಿತಾಯ ಸೇರುತ್ತ ಹೋಗಲು ಇವನಿಗೆ ಎರಡು ಪಟ್ಟು ಹೊತ್ತು. ಇನ್ನೊಂದು, ಉಳಿದ 15 ವಾಟ್‌ಗಳನ್ನು ವೇಗಕ್ಕೆ ತಿರುಗಿಸ ಹೊರಟರೆ 40ರಲ್ಲಿ ಪ್ರತಿ ಅರ್ಧ ಕಿ.ಮೀ. ವೇಗಕ್ಕೂ ಗಾಳಿ ಹೆಚ್ಚಿನ ಬೆಲೆ ಕೇಳುತ್ತದೆ. 20ರಲ್ಲಿ ಒಂದೆರಡು ವಾಟ್ ಕೂಡ ವೇಗವನ್ನು ಕಣ್ಣಿಗೆ ಕಾಣುವಷ್ಟು ಎತ್ತುತ್ತದೆ. ಶೇಕಡಾವಾರು ನೋಡಿದರೆ ಎಲ್ಲರ ವೇಗವೂ ಒಂದೂವರೆ ಶೇಕಡಾ ಆಸುಪಾಸಿನಲ್ಲೇ ಏರಿದೆ, 20ರವರದು 1.5, 40ರವರದು 1.7. ದೊಡ್ಡ ಸಮಯದ ಒಂದೂವರೆ ಶೇಕಡಾ ದೊಡ್ಡದಾಗಿರುತ್ತದೆ, ಅಷ್ಟೇ.

ಹಾಗಂತ ಇದನ್ನು ಓದಿ ನೇರ ಅಂಗಡಿಗೆ ಓಡಬೇಡಿ. ಮೇಲಿನ ಲೆಕ್ಕದಲ್ಲಿ ಸಿಡಿಎ ಎಲ್ಲ ವೇಗದಲ್ಲೂ ಒಂದೇ ಎಂದು ಇಟ್ಟುಕೊಂಡಿದ್ದೇವೆ. ಮೈ ಬಗ್ಗಿಸಿದ್ದರಿಂದ, ಪಟಪಟ ಬಡಿಯುವ ಬಟ್ಟೆ ತೆಗೆದಿದ್ದರಿಂದ ಬರುವ ಲಾಭಕ್ಕೆ ಇದು ಬಹುತೇಕ ಸರಿ. ದುಬಾರಿ ಸಾಮಾನಿಗೆ ಯಾವಾಗಲೂ ಸರಿಯಲ್ಲ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಪೆಟ್ಟಿಗೆ ಮೇಲಿನ ವಾಟ್

ಕಂಪನಿಗಳು ವಾಟ್ ಉಳಿತಾಯವನ್ನು ಸಾಮಾನ್ಯವಾಗಿ 45 ಅಥವಾ 48 ಕಿ.ಮೀ. ವೇಗಕ್ಕೆ ಹೇಳುತ್ತವೆ. ಅಂಕಿ ದೊಡ್ಡದಾಗಿ ಕಾಣಲಿ ಎಂಬುದೂ ಒಂದು ಕಾರಣ ಇರಬಹುದು ಬಿಡಿ. ನಮ್ಮ ವೇಗಕ್ಕೆ ಇಳಿಸುವುದು ಸುಲಭ: ನಿಮ್ಮ ವೇಗವನ್ನು 45ರಿಂದ ಭಾಗಿಸಿ, ಕಂಪನಿ ಹೇಳಿದ ವಾಟನ್ನು ಬಂದ ಅಂಕಿಯಿಂದ ಒಂದರ ಮೇಲೊಂದು ಮೂರು ಸಲ ಗುಣಿಸಿ. 35ಕ್ಕೆ ಹೇಳಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಸಿಗುತ್ತದೆ, 30ಕ್ಕೆ ಮೂರನೇ ಒಂದು ಪಾಲಿಗೂ ಕಡಿಮೆ, 25ಕ್ಕೆ ಆರನೇ ಒಂದು ಪಾಲು, 20ಕ್ಕೆ ಹನ್ನೊಂದನೇ ಒಂದು ಪಾಲು. ಪೆಟ್ಟಿಗೆ ಮೇಲಿನ 20 ವಾಟ್ 25ರಲ್ಲಿ ಮೂರೂವರೆ ವಾಟ್ ಆಗುತ್ತದೆ. ಅದು ಪೂರ್ತಿ ನಿಜವೇ ಆದರೆ 40 ಕಿ.ಮೀ.ಗೆ ಒಂದು ನಿಮಿಷ 25 ಸೆಕೆಂಡ್ ಉಳಿಯಬೇಕು. ಕೆಟ್ಟದ್ದೇನಲ್ಲ. ಆದರೆ ಯಾವುದಕ್ಕೆ ಹೋಲಿಸಿ 20 ವಾಟ್ ಎಂದು ಕೇಳಬೇಕು. ಹಳೆಯ ದುಂಡನೆ ಫ್ರೇಮಿಗೋ, ಅದೇ ಕಂಪನಿಯ ಹಿಂದಿನ ಮಾಡೆಲಿಗೋ, ಸವಾರ ಇಲ್ಲದ ಬರೀ ಸೈಕಲ್ಲಿಗೋ? ತುಳಿಯುತ್ತಿರುವ ಕಾಲು, ಎರಡು ನೀರಿನ ಬಾಟಲಿ, ಸೀಟಿನ ಕೆಳಗಿನ ಪಂಕ್ಚರ್ ಚೀಲ ಇವೆಲ್ಲ ಸೇರಿದ ಮೇಲೆ ಫ್ರೇಮಿನ ಲಾಭ ಕುಗ್ಗುತ್ತದೆ.

ಎದುರುಗಾಳಿ

ಗದಗದ ಸುತ್ತ, ಕಪ್ಪತಗುಡ್ಡದ ಕಡೆ ಅಷ್ಟೊಂದು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈಋತ್ಯದಿಂದ ಬೀಸುವ ಗಾಳಿಗೆ ಹುಬ್ಬಳ್ಳಿ-ಅಣ್ಣಿಗೇರಿ-ಗದಗ ಹೆದ್ದಾರಿಯ ಎರೆಹೊಲಗಳಲ್ಲಿ ಅಡ್ಡ ನಿಲ್ಲುವ ಮರ ಕಡಿಮೆ. ಹೋಗುವಾಗ ಬೆನ್ನಿಗೆ ಗಾಳಿ, ಬರುವಾಗ ಎದೆಗೆ ಗಾಳಿ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಪೂರ್ವದ ಕಡೆಯಿಂದ, ಆಗ ಲೆಕ್ಕ ತಿರುವುಮುರುವು.

ಫೋನಿನಲ್ಲಿ ತೋರಿಸುವ ಗಾಳಿಯ ವೇಗ ನೆಲದಿಂದ 10 ಮೀಟರ್ ಎತ್ತರದ್ದು. ಬಯಲಿನಲ್ಲಿ ಸವಾರನ ಎದೆಯ ಎತ್ತರಕ್ಕೆ ಅದರ ಮೂರರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆ ಬರುತ್ತದೆ. ಅಂದರೆ ಫೋನು 24 ಎಂದರೆ ಎದೆಗೆ 15. ಮುಂಗಾರಿನಲ್ಲಿ ಇದು ಅಪರೂಪದ ದಿನವಲ್ಲ.

ಅದೇ 25 ಕಿ.ಮೀ. ಸವಾರನನ್ನು ತೆಗೆದುಕೊಳ್ಳಿ, ಅವನು ತುಳಿಯುತ್ತಿರುವುದು ಸುಮಾರು 99 ವಾಟ್. 15ರ ಎದುರುಗಾಳಿಗೆ ಸಿಕ್ಕರೆ ಅದೇ ವಾಟ್‌ನಲ್ಲಿ ಅವನ ವೇಗ 17.3ಕ್ಕೆ ಬೀಳುತ್ತದೆ. ರಸ್ತೆಯ ಮೇಲೆ 17, ಆದರೆ ಮೈಗೆ ಬಡಿಯುವ ಗಾಳಿ 32. ಅಲ್ಲಿಯೇ ಏರೋ ಕೆಲಸ ಮಾಡುವುದು. ಸಿಡಿಎ 0.02 ಇಳಿಸಿದರೆ 20 ಕಿ.ಮೀ. ಎದುರುಗಾಳಿಯ ದಾರಿಗೆ 99 ಸೆಕೆಂಡ್ ಉಳಿಯುತ್ತದೆ. ಗಾಳಿ ಇಲ್ಲದ ದಿನ ಅದೇ 20 ಕಿ.ಮೀ.ಗೆ ಉಳಿಯುತ್ತಿದ್ದದ್ದು 46. ಬೆನ್ನುಗಾಳಿಯ 20 ಕಿ.ಮೀ.ಯಲ್ಲಿ ಲಾಭ 22 ಸೆಕೆಂಡಿಗೆ ಇಳಿಯುತ್ತದೆ. ಹೋಗಿಬರುವ ಒಟ್ಟು ಲೆಕ್ಕ 2 ನಿಮಿಷ, ಗಾಳಿ ಇಲ್ಲದ ದಿನಕ್ಕಿಂತ ಅರ್ಧ ನಿಮಿಷ ಹೆಚ್ಚು. ಹೋಗುವಾಗ ಸಿಕ್ಕಿದ್ದು ಬರುವಾಗ ಕಳೆದು ಸರಿಹೋಗುತ್ತದೆ ಎನ್ನುವವರಿಗೂ ಇದರಲ್ಲೇ ಉತ್ತರ ಇದೆ: ಅದೇ ಶ್ರಮಕ್ಕೆ ಗಾಳಿಯ ದಿನ ಹೋಗಿಬರಲು 8 ನಿಮಿಷದ ಮೇಲೆ ಹೆಚ್ಚು ಹಿಡಿಯುತ್ತದೆ. ಎದುರುಗಾಳಿಯಲ್ಲಿ ಕಳೆಯುವ ಹೊತ್ತು ಬೆನ್ನುಗಾಳಿಯ ಹೊತ್ತಿಗೆ ಎರಡು ಪಟ್ಟು.

ಆದ್ದರಿಂದ ಗದಗ ರಸ್ತೆಯಲ್ಲಿ ಶಕ್ತಿಯನ್ನು ಸಮ ಹಂಚುವುದು ತಪ್ಪು. ಎದುರುಗಾಳಿಯಲ್ಲಿ ತುಸು ಹೆಚ್ಚು ತುಳಿದು ತಲೆ ತಗ್ಗಿಸಬೇಕು, ಬೆನ್ನುಗಾಳಿಯಲ್ಲಿ ನೆಟ್ಟಗೆ ಕೂತು ನೀರು ಕುಡಿದು ಬೆನ್ನು ಸಡಿಲ ಮಾಡಿಕೊಳ್ಳಬೇಕು. ಬಹಳ ಮಂದಿ ಮಾಡುವುದು ಇದಕ್ಕೆ ವಿರುದ್ಧ, ಹೋಗುವಾಗ ಬೆನ್ನುಗಾಳಿಯಲ್ಲಿ 38 ಕಂಡು ಹುರುಪಿನಲ್ಲಿ ತುಳಿದುಬಿಡುತ್ತಾರೆ, ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ಕಾಲು ಮುಗಿದಿರುತ್ತದೆ, ವಾಪಸು ಬರುವುದು ಬಾಕಿ ಇರುತ್ತದೆ.

ಅಡ್ಡಗಾಳಿಯ ಸಂಗತಿ ಬೇರೆ. 10 ಕಿ.ಮೀ. ಅಡ್ಡಗಾಳಿ ಬೀಸುವಾಗ 45ರಲ್ಲಿ ಹೋಗುವವನಿಗೆ ಗಾಳಿ ಮೈಗೆ ತಾಕುವ ಓರೆ 12 ಡಿಗ್ರಿ, 25ರವನಿಗೆ 22 ಡಿಗ್ರಿ. ಆಳದ ರಿಮ್ಮು, ಚಪ್ಪಟೆ ಟ್ಯೂಬಿನ ಏರೋ ಫ್ರೇಮು ಇವನ್ನೆಲ್ಲ ಹದ ಮಾಡಿರುವುದು ಹೆಚ್ಚಾಗಿ 10-15 ಡಿಗ್ರಿಯೊಳಗಿನ ಓರೆಗೆ. ಅದರಾಚೆ ಗಾಳಿ ಮೇಲ್ಮೈಯನ್ನು ಬಿಟ್ಟು ಕಿತ್ತುಹೋಗುತ್ತದೆ, ಲಾಭ ಕರಗುತ್ತದೆ. ಮೇಲೆ ಹೇಳಿದ ಎಚ್ಚರಿಕೆ ಇದೇ: ನಿಧಾನ ಸವಾರನಿಗೆ ಅದೇ ಸಾಮಾನು ಅದೇ ಸಿಡಿಎ ಕೊಡುವುದಿಲ್ಲ. ತೋಳಿನ ಮೇಲೆ ಗೆರೆಗೆರೆ ನೇಯ್ಗೆ ಇರುವ ದುಬಾರಿ ಸ್ಕಿನ್‌ಸೂಟ್ (ಮೈಗಂಟುವ ಒಂದೇ ತುಂಡಿನ ರೇಸ್ ಉಡುಪು) ಕೂಡ ಹೀಗೆಯೇ. ಆ ಒರಟು ಗೆರೆಗಳು ತೋಳಿನ ಹಿಂದೆ ಏಳುವ ಸುಳಿಯನ್ನು ಕಿರಿದು ಮಾಡುವುದು 40-50ರ ವೇಗದಲ್ಲಿ. 25ರಲ್ಲಿ ಗಾಳಿ ಅಷ್ಟು ಚುರುಕಾಗಿರುವುದಿಲ್ಲ, ಗೆರೆ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಬಾರದು. ಮೈಗೆ ಅಂಟಿ ಕೂರುವ ಸಾದಾ ಜರ್ಸಿ ಸಾಕು.

ದುಡ್ಡು ಎಲ್ಲಿ ಮೊದಲು

ಮೊಣಕೈಯಲ್ಲಿ. ಅದಕ್ಕೆ ದುಡ್ಡೇ ಬೇಡ. ಹುಡ್ ಮೇಲೆ ಕೈ ಇಟ್ಟು ಮೊಣಕೈಯನ್ನು ಸುಮಾರು 90 ಡಿಗ್ರಿಗೆ ಮಡಚಿ, ಮುಂಗೈ ನೆಲಕ್ಕೆ ಸಮಾಂತರ ಬರುವಂತೆ ತಗ್ಗಿ, ತಲೆಯನ್ನು ಎರಡು ಭುಜದ ನಡುವೆ ಇಳಿಸಿದರೆ ಸಿಡಿಎ 0.36 ರಿಂದ 0.32ರ ಹತ್ತಿರ ಬರುತ್ತದೆ. 25ರ ಸವಾರನಿಗೆ 40 ಕಿ.ಮೀ.ಯಲ್ಲಿ 3 ನಿಮಿಷದ ಮೇಲೆ ಉಳಿತಾಯ, ಲಕ್ಷ ರೂಪಾಯಿ ವ್ಹೀಲಿಗಿಂತ ಎರಡು ಪಟ್ಟು. ಡ್ರಾಪ್, ಅಂದರೆ ಹ್ಯಾಂಡಲಿನ ಬಾಗಿದ ಕೆಳಭಾಗ ಹಿಡಿದು ಕೈ ನೆಟ್ಟಗೆ ಚಾಚಿ ಕೂರುವುದಕ್ಕಿಂತಲೂ ಇದು ಮೇಲು, ಯಾಕೆಂದರೆ ಚಾಚಿದ ಮುಂಗೈ ಎರಡು ಕಂಬದ ಹಾಗೆ ಗಾಳಿಗೆ ಅಡ್ಡ ನಿಲ್ಲುತ್ತವೆ.

ಮಡಚಿದ ಮೊಣಕೈಯಲ್ಲಿ ಹತ್ತು ನಿಮಿಷ ಕೂರಲು ಆಗದಿದ್ದರೆ ಹ್ಯಾಂಡಲ್ ಸರಿಯಾದ ಜಾಗದಲ್ಲಿಲ್ಲ, ಇಲ್ಲವೇ ಹೊಟ್ಟೆ-ಬೆನ್ನಿನ ಬಲ ಸಾಲದು. ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) ಕೆಳಗಿನ ಸ್ಪೇಸರ್ ಬಳೆಗಳನ್ನು ತೆಗೆದು ಹ್ಯಾಂಡಲ್ ಇಳಿಸುವುದಿದ್ದರೆ ಒಂದು ಸಲಕ್ಕೆ 5 ಮಿ.ಮೀ. ಮಾತ್ರ, ಎರಡು ವಾರ ಅದರಲ್ಲೇ ಓಡಿಸಿ ಮುಂದಿನದು. ತೆಗೆದ ಸ್ಪೇಸರನ್ನು ಸ್ಟೆಮ್ ಮೇಲೆ ಹಾಕಿಡಿ, ಫೋರ್ಕಿನ ಕೊಳವೆ ಕೊಯ್ಯಲು ಅವಸರ ಬೇಡ, ಕೊಯ್ದದ್ದನ್ನು ಮತ್ತೆ ಉದ್ದ ಮಾಡಲಾಗದು. ಒಮ್ಮೆಲೇ ಮೂರು ಸೆಂಟಿಮೀಟರ್ ಇಳಿಸಿದವರಿಗೆ ಮೊದಲು ಅಂಗೈ ಜೋಮು ಹಿಡಿಯುತ್ತದೆ, ಆಮೇಲೆ ಕುತ್ತಿಗೆ, ಕೊನೆಗೆ ಅವರು ಹ್ಯಾಂಡಲಿನ ಮೇಲ್ಭಾಗವನ್ನೇ ಹಿಡಿದು ಓಡಿಸುತ್ತಾರೆ. ಆಗ ಮೊದಲಿಗಿಂತಲೂ ನೆಟ್ಟಗೆ ಕೂತ ಹಾಗೆ. ತಗ್ಗಿದಾಗ ತೊಡೆ ಹೊಟ್ಟೆಗೆ ಒತ್ತಿ ಉಸಿರು ಕಟ್ಟಿದರೆ ಸೀಟಿನ ಮೂತಿಯನ್ನು ಒಂದೆರಡು ಡಿಗ್ರಿ ಇಳಿಸಿ ನೋಡಿ. ಅದಕ್ಕೂ ಹೆಚ್ಚು ಇಳಿಸಿದರೆ ಮೈ ಮುಂದೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತದೆ.

ಎರಡನೆಯದು ಬಟ್ಟೆ. ಬಟ್ಟೆ ಎಲ್ಲಿ ಬಡಿಯುತ್ತದೆ ಎಂದು ತಿಳಿಯಲು ಪಕ್ಕದಲ್ಲಿ ಬೈಕ್ ಹಿಂದೆ ಕೂತ ಗೆಳೆಯನಿಂದ ಅರ್ಧ ನಿಮಿಷದ ವಿಡಿಯೋ ತೆಗೆಸಿದರೆ ಸಾಕು, ಅದೂ ಖಾಲಿ ರಸ್ತೆಯಲ್ಲಿ. ಸಾಮಾನ್ಯವಾಗಿ ಬಡಿಯುವುದು ಮೂರು ಕಡೆ: ಭುಜದ ಮೇಲಿನ ಸಡಿಲ ಬಟ್ಟೆ, ತೋಳಿನ ಅಂಚು, ಅರ್ಧ ತೆರೆದ ಜಿಪ್. ಬೆನ್ನಿನ ಜೇಬಿನಲ್ಲಿ ಫೋನು, ಬಾಳೆಹಣ್ಣು ತುರುಕಿ ಜೋತುಬಿಟ್ಟರೆ ನಾಲ್ಕನೆಯದು. ಕಾಟನ್ ಟಿ-ಶರ್ಟಿನಿಂದ ಮೈಗಂಟುವ ಜರ್ಸಿಗೆ ಬಂದರೆ ಸಿಗುವುದು ಹೆಲ್ಮೆಟ್ಟಿಗಿಂತ ಹೆಚ್ಚು, ಬೆಲೆ ಸಾವಿರ-ಎರಡು ಸಾವಿರ ರೂಪಾಯಿ. ಜರ್ಸಿ ಕೊಳ್ಳುವಾಗ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಬೇಡಿ, ಸೈಕಲ್ ಮೇಲೆ ಕೂತಂತೆ ಬಗ್ಗಿ ಕೈ ಚಾಚಿ ನೋಡಿ. ನಿಂತಾಗ ಎದೆಗೆ ಬಿಗಿ ಎನ್ನಿಸುವುದು ಬಗ್ಗಿದಾಗ ಸರಿಯಾಗುತ್ತದೆ, ನಿಂತಾಗ ಆರಾಮ ಎನ್ನಿಸುವುದು ಬಗ್ಗಿದಾಗ ಜೋಲುತ್ತದೆ.

ಮಳೆಗಾಲದ ಅಗ್ಗದ ವಿಂಡ್‌ಚೀಟರ್ ಎಲ್ಲಕ್ಕಿಂತ ಕೆಟ್ಟದ್ದು. ಒಳಗೆ ಗಾಳಿ ತುಂಬಿ ಬಲೂನಿನಂತೆ ಉಬ್ಬುತ್ತದೆ, ದುಬಾರಿ ಸಾಮಾನಿನಿಂದ ಗಳಿಸಿದ್ದನ್ನೆಲ್ಲ ಅದೊಂದೇ ನುಂಗಿಹಾಕುತ್ತದೆ. ಧಾರವಾಡದ ಜಿಟಿಜಿಟಿ ಮಳೆಗೆ ನೆನೆದರೂ ನಡೆಯುತ್ತದೆ ಎನ್ನಿಸಿದರೆ ಅದನ್ನು ಮಡಚಿ ಜೇಬಿಗಿಡುವುದೇ ಲಾಭ. ಹಾಕಲೇಬೇಕಾದರೆ ಸೊಂಟ, ಮಣಿಕಟ್ಟಿನಲ್ಲಿ ಎಲಾಸ್ಟಿಕ್ ಇರುವ, ಒಂದು ಸೈಜು ಕಡಿಮೆಯದು.

ಮೂರನೆಯದು ಏರೋ ಸಾಮಾನೇ ಅಲ್ಲ, ಟೈರು. ನಿಧಾನ ಸವಾರನ ಖರ್ಚಿನಲ್ಲಿ ಟೈರಿನ ಪಾಲು ದೊಡ್ಡದು: 40ರಲ್ಲಿ ಒಟ್ಟು ವಾಟ್‌ನ ಆರನೇ ಒಂದು ಪಾಲು ಟೈರಿಗೆ ಹೋದರೆ 25ರಲ್ಲಿ ಮೂರನೇ ಒಂದು ಪಾಲು ಹೋಗುತ್ತದೆ. ಉರುಳು ಗುಣಾಂಕ 0.006 ರಿಂದ 0.005 ಕ್ಕೆ ಇಳಿದರೆ 25ರವರಿಗೆ 40 ಕಿ.ಮೀ.ಗೆ 2 ನಿಮಿಷ 15 ಸೆಕೆಂಡ್ ಉಳಿಯುತ್ತದೆ, 40ರವರಿಗೆ ಬರೀ 36 ಸೆಕೆಂಡ್. ಸೈಕಲ್ ಜೊತೆ ಬಂದ ದಪ್ಪ ರಬ್ಬರಿನ ಗಟ್ಟಿ ಟೈರ್ ಬಿಟ್ಟು ಮೆತ್ತನೆ ಬದಿಯ 28 ಮಿ.ಮೀ. ಟೈರ್ ಹಾಕಿದರೆ ಇಷ್ಟು ವ್ಯತ್ಯಾಸ ಸಹಜ. ಗಾಳಿ ಮಾತ್ರ 110-120 ಪಿಎಸ್ಐ ಹೊಡೆಯಬೇಡಿ. ಬೆರಳಿಗೆ ಕಲ್ಲಿನಂತೆ ಹತ್ತಿದರೆ ವೇಗ ಎನ್ನುವುದು ಹಳೆಯ ನಂಬಿಕೆ. ಒರಟು ಡಾಂಬರಿನ ಮೇಲೆ ಗಟ್ಟಿ ಟೈರು ಜಿಗಿಯುತ್ತದೆ, ಆ ಜಿಗಿತವೆಲ್ಲ ಮೈಯೊಳಗೆ ಕರಗುವ ಶಕ್ತಿ. 70 ಕೆ.ಜಿ. ಸವಾರನಿಗೆ 28 ಟೈರಿನಲ್ಲಿ 65-75 ಪಿಎಸ್ಐ, ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ನಾಲ್ಕೈದು ಕಡಿಮೆ. 50ಕ್ಕೆ ಇಳಿಸಿದರೆ ಗುಂಡಿಯಲ್ಲಿ ರಿಮ್ಮಿಗೆ ಬಡಿದು ಟ್ಯೂಬಿಗೆ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ.

ಇವೆಲ್ಲ ಆದಮೇಲೆ ಏರೋಬಾರ್. ಸಾದಾ ಹ್ಯಾಂಡಲಿಗೆ ಕ್ಲ್ಯಾಂಪ್ ಮಾಡುವಂಥದ್ದು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಸಿಡಿಎ 0.30ಕ್ಕೆ ಬಂದರೆ 25ರವರಿಗೆ 40 ಕಿ.ಮೀ.ಗೆ ಹತ್ತಿರ ಹತ್ತಿರ 5 ನಿಮಿಷ. ಸಾಮಾನುಗಳಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಸಮಯ ವಾಪಸು ಕೊಡುವುದು ಬೇರೆ ಇಲ್ಲ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್ ಏರೋಬಾರ್ ಹಾಕಿ ವರ್ಸೇಲ್ಸ್‌ನಿಂದ ಪ್ಯಾರಿಸ್‌ವರೆಗೆ 24.5 ಕಿ.ಮೀ. ಹೊಡೆದ, ಬರಿತಲೆಯಲ್ಲಿ ಜುಟ್ಟು ಹಾರಿಸುತ್ತ ಬಂದ ಲೊರಾಂ ಫಿನ್ಯೋನನ ಕೈಯಿಂದ ಇಡೀ ಟೂರನ್ನು 8 ಸೆಕೆಂಡಿನಲ್ಲಿ ಕಸಿದುಕೊಂಡ. ಆದರೆ ಏರೋಬಾರ್ ಮೇಲೆ ಮಲಗಿದಾಗ ಬ್ರೇಕಿನ ಮೇಲೆ ಕೈ ಇರುವುದಿಲ್ಲ. ನಾಯಿ, ಎಮ್ಮೆ, ಬಣ್ಣ ಬಳಿಯದ ಹಂಪ್, ತಪ್ಪು ದಿಕ್ಕಿನಿಂದ ಬರುವ ಬೈಕು ಇರುವ ಊರೊಳಗೆ ಅದು ಬೇಡ. ಗುಂಪಿನಲ್ಲಿ, ಇನ್ನೊಬ್ಬರ ಚಕ್ರದ ಹಿಂದೆ ಖಂಡಿತ ಬೇಡ, ಸಾಮೂಹಿಕ ರೋಡ್ ರೇಸಿನಲ್ಲಿ ನಿಯಮವೂ ಬಿಡುವುದಿಲ್ಲ. ಮೊಣಕೈ ಪ್ಯಾಡನ್ನು ತೀರಾ ಹತ್ತಿರ ಕಟ್ಟುವುದು ಇನ್ನೊಂದು ತಪ್ಪು, ಮೊದಲ ತಿಂಗಳು ಭುಜದಗಲಕ್ಕಿಂತ ತುಸು ಒಳಗಿದ್ದರೆ ಸಾಕು, ಸೈಕಲ್ ಹಿಡಿತದಲ್ಲಿರುತ್ತದೆ. ಬೋಲ್ಟನ್ನು ಟಾರ್ಕ್ ಕೀಯಿಂದಲೇ ಬಿಗಿಸಿ. ಕಾರ್ಬನ್ ಹ್ಯಾಂಡಲಿಗೆ ಏರೋಬಾರ್ ಕಟ್ಟಲು ಬರುತ್ತದೆಯೇ ಎಂದು ತಯಾರಕರ ಪುಸ್ತಿಕೆ ನೋಡಿಯೇ ಕಟ್ಟಿ, ಕೆಲವು ಹ್ಯಾಂಡಲ್ ಕ್ಲ್ಯಾಂಪಿನ ಒತ್ತಡಕ್ಕೆ ಬಿರುಕು ಬಿಡುತ್ತವೆ.

ಏರೋ ಹೆಲ್ಮೆಟ್ಟಿಗೆ ನಮ್ಮಲ್ಲಿ ಇರುವ ತೊಡಕು ಬಿಸಿಲು. ಕಿಂಡಿ ಕಡಿಮೆ, ಏಪ್ರಿಲ್‌ನಲ್ಲಿ 38 ಡಿಗ್ರಿ, ಅದರ ಮೇಲೆ 20ರ ವೇಗಕ್ಕೆ ತಲೆಗೆ ತಾಗುವ ಗಾಳಿಯೂ ಕಡಿಮೆ. ತಲೆ ಕಾದು ತುಳಿತ ಇಳಿದರೆ ಎರಡು ವಾಟ್‌ನ ಲಾಭ ಎಲ್ಲಿಗೋ ಹೋಗುತ್ತದೆ. ತಲೆಗೆ ಒತ್ತಿ ಕೂರುವ, ಕಿಂಡಿ ಇರುವ ಸಾದಾ ರೋಡ್ ಹೆಲ್ಮೆಟ್ ಸಾಕು. ಟೈಮ್ ಟ್ರಯಲ್‌ಗೆ ಇಳಿಯುವವರ ಮಾತು ಬೇರೆ.

ಆಳದ ರಿಮ್ ಹಾಕುವ ಆಸೆ ತಡೆಯದಿದ್ದರೆ ಹಿಂದೆ 50-60 ಮಿ.ಮೀ., ಮುಂದೆ 40ರೊಳಗೆ. ಮುಂದಿನ ಚಕ್ರ ಹ್ಯಾಂಡಲಿನ ಜೊತೆ ತಿರುಗುವುದರಿಂದ ಅಡ್ಡಗಾಳಿಯ ತಳ್ಳು ನೇರ ಕೈಗೆ ಬರುತ್ತದೆ, ಹಿಂದಿನದು ಫ್ರೇಮಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹುಬ್ಬಳ್ಳಿಯಿಂದ ಶಿಗ್ಗಾವಿ, ಹಾವೇರಿ ಕಡೆ ಹೆದ್ದಾರಿಯಲ್ಲಿ ಲಾರಿ ಪಕ್ಕ ಹಾಯುವಾಗ ಅದು ಒಂದು ಕ್ಷಣ ಗಾಳಿಯನ್ನು ಮರೆಮಾಡಿ ಮರುಕ್ಷಣ ಬಿಡುತ್ತದೆ, ಆ ಹೊತ್ತಿಗೆ ಸೈಕಲ್ ಒಂದು ಗೇಣು ಆಚೀಚೆ ಜಾರುತ್ತದೆ. 55 ಕೆ.ಜಿ. ತೂಕದವರಿಗೆ ಇದು ಇನ್ನೂ ಜಾಸ್ತಿ. ರಿಮ್ಮಿನ ಹೊರ ಅಗಲ ಟೈರಿನ ಅಗಲಕ್ಕಿಂತ ಶೇ. 5ರಷ್ಟಾದರೂ ಹೆಚ್ಚಿರಬೇಕು, 28ರ ಟೈರಿಗೆ 29.5 ಮಿ.ಮೀ. ರಿಮ್. ಟೈರು ರಿಮ್ಮಿಗಿಂತ ಉಬ್ಬಿದ್ದರೆ ಕೊಟ್ಟ ದುಡ್ಡಿನ ಬಹುಪಾಲು ಗಾಳಿಗೆ.

ಏರೋ ಫ್ರೇಮಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹೇಗೂ ಹೊಸ ಸೈಕಲ್ ಕೊಳ್ಳುವುದಿದ್ದರೆ ನೋಡಿ.

ಏರೋ ಸೋಲುವ ಜಾಗಗಳು

ಬಿಆರ್‌ಟಿಎಸ್ ರಸ್ತೆಗುಂಟ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. 25ರ ಸವಾರನಿಗೆ 0.02 ಉಳಿತಾಯದಿಂದ ಸಿಗುವುದು 46 ಸೆಕೆಂಡ್. ವಿದ್ಯಾನಗರದಲ್ಲೋ ಉಣಕಲ್‌ನಲ್ಲೋ ಒಂದು ಕೆಂಪು ಸಿಗ್ನಲ್ ಬಿದ್ದರೆ ಅದು ಹೋಯಿತು. ದಿನದ ಓಡಾಟಕ್ಕೆ ಲ್ಯಾಪ್‌ಟಾಪ್ ಚೀಲದ ಪಟ್ಟಿ ಬಿಗಿಯಾಗಿದೆಯೇ, ಚೈನಿಗೆ ಎಣ್ಣೆ ಇದೆಯೇ ಎಂದು ನೋಡಿಕೊಂಡರೆ ಸಾಕು.

ಏರಿನಲ್ಲಿ ಗಾಳಿಯ ಲೆಕ್ಕ ಬಹುತೇಕ ಇಲ್ಲ. 5 ಶೇಕಡಾ ಏರಿನಲ್ಲಿ 150 ವಾಟ್ ತುಳಿದರೆ ವೇಗ 12ರ ಹತ್ತಿರ, ಗಾಳಿಗೆ ಹೋಗುವುದು 7 ವಾಟ್ ಮಾತ್ರ. ಅಂಥ 2 ಕಿ.ಮೀ. ಏರಿಗೆ 0.02 ಸಿಡಿಎಯಿಂದ ಉಳಿಯುವುದು ಒಂದೂವರೆ ಸೆಕೆಂಡ್. ಅದೇ ಒಂದು ಲೀಟರ್ ನೀರಿನ ಭಾರ ಇಲ್ಲದಿದ್ದರೆ ಆರೇಳು ಸೆಕೆಂಡ್. ಹಾಗೆಂದು ನೀರು ಚೆಲ್ಲಬೇಡಿ.

200 ಕಿ.ಮೀ. ಬಿಆರ್‌ಎಂಗೆ (ಕಾಲಮಿತಿಯೊಳಗೆ ಮುಗಿಸುವ ದೂರದ ಸವಾರಿ) ಹೋಗುವವರಿಗೆ ಕಾಲಮಿತಿ 13 ತಾಸು 30 ನಿಮಿಷ. 25ರಲ್ಲಿ ಓಡುವವರಿಗೆ 0.02 ಸಿಡಿಎ ಕೊಡುವುದು ಏಳೂವರೆ ನಿಮಿಷ, ಒಂದು ಗಿರ್ಮಿಟ್-ಮಿರ್ಚಿ ನಿಲುಗಡೆಯ ಅರ್ಧವೂ ಅಲ್ಲ. ಆದರೆ ಅವರಿಗೆ ಇನ್ನೊಂದು ದಾರಿ ಇದೆ. ಮುಂದಿನವನ ಚಕ್ರದಿಂದ ಅರ್ಧ ಮೀಟರ್ ಹಿಂದೆ ಹೋದರೆ ಗಾಳಿಯ ತಡೆ ಮೂರನೇ ಒಂದು ಪಾಲು ಇಳಿಯುತ್ತದೆ, 25ರಲ್ಲಿ ಅದೇ 20 ವಾಟ್. ಯಾವ ಅಂಗಡಿಯೂ ಇಷ್ಟು ಮಾರುವುದಿಲ್ಲ. ಸಹಸವಾರರ ಹಿಂದೆ, ಸರದಿ ಪ್ರಕಾರ ಮಾತ್ರ. ಟ್ರ್ಯಾಕ್ಟರ್, ಲಾರಿ ಹಿಂದೆ ಹೋಗುವುದು ಜೀವಕ್ಕೆ ಎರವು. ಸಾಮಾನು ಹೊರುವುದಿದ್ದರೆ ಚಕ್ರದ ಎರಡು ಬದಿಗೆ ತೂಗುವ ಚೀಲ ಬಿಟ್ಟು ಸೀಟಿನ ಹಿಂದೆ ಉದ್ದಕ್ಕೆ ಕಟ್ಟುವ ಚೀಲ ಆರಿಸಿಕೊಳ್ಳಿ, ಅದು ನಿಮ್ಮ ಬೆನ್ನಿನ ಮರೆಯಲ್ಲೇ ಇರುತ್ತದೆ.

ನಿಮ್ಮದನ್ನು ನೀವೇ ಅಳೆಯುವುದು

ತುಳಿಯುವ ವಾಟ್ ಅಳೆಯುವ ಪವರ್ ಮೀಟರ್ ಇಲ್ಲದೆಯೂ ಆಗುತ್ತದೆ. 2 ಶೇಕಡಾ ಇಳಿಜಾರಿನ, ಅರ್ಧ ಕಿ.ಮೀ.ಗೂ ಉದ್ದದ, ತಿರುವಿಲ್ಲದ, ವಾಹನ ಕಡಿಮೆ ಇರುವ ರಸ್ತೆ ಹುಡುಕಿ. ಅಂಥ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಬಿಟ್ಟರೆ ಸೈಕಲ್ ಒಂದು ವೇಗಕ್ಕೆ ಬಂದು ನಿಲ್ಲುತ್ತದೆ: ಸಿಡಿಎ 0.36 ಇದ್ದರೆ ಸುಮಾರು 26.8, 0.34 ಇದ್ದರೆ 27.6, 0.30 ಇದ್ದರೆ 29.4. ನಿಂತಲ್ಲಿಂದ ಬಿಟ್ಟರೆ ಆ ವೇಗ ಮುಟ್ಟಲು 600 ಮೀಟರಾದರೂ ಬೇಕು, ಆದ್ದರಿಂದ ಮೊದಲೇ ತುಳಿದು 27ಕ್ಕೆ ತಂದು, ಗುರುತಿನ ಲೈಟ್ ಕಂಬದ ಹತ್ತಿರ ಕಾಲು ನಿಲ್ಲಿಸಿ. ಪೆಡಲ್ ಎರಡೂ ಸಮ ಎತ್ತರದಲ್ಲಿರಲಿ. ಕೊನೆಯ 200 ಮೀಟರಿನ ಸರಾಸರಿ ವೇಗ ಬರೆದುಕೊಳ್ಳಿ.

ಬೆಳಿಗ್ಗೆ ಆರಕ್ಕೆ, ಎಲೆ ಅಲುಗದ ಹೊತ್ತಿನಲ್ಲಿ ಮಾಡಬೇಕು. ಗಂಟೆಗೆ ಒಂದು ಕಿ.ಮೀ. ಬೆನ್ನುಗಾಳಿ ಇದ್ದರೂ ನಿಮ್ಮ ವೇಗ ಒಂದು ಕಿ.ಮೀ. ಏರುತ್ತದೆ, ಜರ್ಸಿಯ ಲಾಭವೇ ಅದಕ್ಕಿಂತ ಕಡಿಮೆ. ಹಳೆಯ ಬಟ್ಟೆ, ಹೊಸ ಬಟ್ಟೆ, ಮತ್ತೆ ಹೊಸದು, ಮತ್ತೆ ಹಳೆಯದು ಎಂಬ ಸರದಿಯಲ್ಲಿ ಓಡಿಸಿದರೆ ಹೊತ್ತು ಏರಿದಂತೆ ಬದಲಾಗುವ ಗಾಳಿ-ಬಿಸಿಲು ಎರಡೂ ಕಡೆ ಸಮ ಹಂಚಿಹೋಗುತ್ತದೆ. ಟೈರಿನ ಗಾಳಿ, ಬಾಟಲಿಯ ನೀರು ಬದಲಾಗಬಾರದು. ಮೊದಲ ಹಳೆಯದಕ್ಕೂ ಕೊನೆಯ ಹಳೆಯದಕ್ಕೂ ಅರ್ಧ ಕಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ದಿನದ ಲೆಕ್ಕ ಬಿಟ್ಟುಬಿಡಿ.

ಬೇರೆ ಬೇರೆ ತಿಂಗಳ ಓಟವನ್ನು ಹೋಲಿಸುವುದಂತೂ ಬೇಡವೇ ಬೇಡ. ಡಿಸೆಂಬರ್ ಬೆಳಗಿನ 16 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಗೂ ಗಾಳಿಯ ಸಾಂದ್ರತೆಯಲ್ಲೇ ಶೇ. 7 ವ್ಯತ್ಯಾಸ. ಅದು 0.36 ಸಿಡಿಎಯನ್ನು 0.335 ಮಾಡಿದಷ್ಟಾಯಿತು, ಹೊಸ ಹೆಲ್ಮೆಟ್ ಫೆಬ್ರುವರಿಯಲ್ಲಿ ಕೊಂಡವರಿಗೆಲ್ಲ ಏಪ್ರಿಲ್‌ನಲ್ಲಿ ಅದು ಭರ್ಜರಿ ಕೆಲಸ ಮಾಡಿದಂತೆ ಕಾಣುವುದು ಇದಕ್ಕೇ. ಅಂಕೋಲಾ, ಕಾರವಾರಕ್ಕೆ ಇಳಿದರೆ ಲೆಕ್ಕ ಉಲ್ಟಾ, ಅದೇ 30 ಡಿಗ್ರಿಯಲ್ಲಿ ಸಮುದ್ರ ಮಟ್ಟದ ಗಾಳಿ ಹುಬ್ಬಳ್ಳಿಯದಕ್ಕಿಂತ ಶೇ. 8ರಷ್ಟು ದಟ್ಟ. ಕರಾವಳಿಯ ರೇಸಿಗೆ ಇಲ್ಲಿಯ ವೇಗ ನೋಡಿ ಗುರಿ ಇಟ್ಟುಕೊಳ್ಳುವವರು 35ರ ಬದಲು 34 ಎಂದು ಬರೆದುಕೊಳ್ಳಲಿ. ಮತ್ತೆ ರೇಸಿನ ದಿನ ಬೆನ್ನಿಗೆ ಅಂಟಿಸುವ ನಂಬರ್ ಕಾಗದಕ್ಕೆ ನಾಲ್ಕು ಪಿನ್ ಸಾಲದು, ಕೆಳಗಿನ ಅಂಚು ಬಡಿಯುತ್ತಲೇ ಇರುತ್ತದೆ. ಎಂಟು ಪಿನ್ ಹಾಕಿಸಿ, ಅದೂ ಜರ್ಸಿ ಮೈಮೇಲೆ ಇರುವಾಗ, ಬಗ್ಗಿ ನಿಂತು.